ಐದು ಬಾಗಿಲು, ಮೂವತ್ತೆರಡು ದೋಣಿ

ಮಾಜಾಳಿಯ ತೀರದಲ್ಲಿ ನಾನು ದೀಪ ಎಣಿಸುವ ಹುಡುಗಿ.
ಅಪ್ಪನ ದೋಣಿಗೆ ಅವನ ಬಿಟ್ಟು ಐವರು,
ಐದು ಮನೆ, ಒಂದೇ ಸಾಲು.
ಬೆಳಗಿನ ಮೂರೂವರೆಗೆ ಕಂದೀಲು ಹಿಡಿದು ಹೋಗಿ
ಬಾಗಿಲಿಗೊಂದು ಕೂಗು ಹಾಕಬೇಕು.
ಬರುವವನು ಚಿಮಣಿ ಹಚ್ಚುತ್ತಾನೆ, "ಯೇತಾಂ" ಅನ್ನುತ್ತಾನೆ.
ಬಾರದವನು ಮಗ್ಗುಲು ಬದಲಿಸುತ್ತಾನೆ.
ನಡುವೆ ಮೂರನೆಯದಿಲ್ಲ.
ಅರ್ಧ ಬರುತ್ತೇನೆ ಅನ್ನುವ ಖಾರ್ವಿಯನ್ನು ನಾನು ಕಂಡಿಲ್ಲ.

ಖೇಮು, ಇನಾಸ, ಬುದವಂತ, ಫಕೀರಾ, ಗಣಬಾ.
ಆಗ ಒಂದೇ ಉಸಿರಿಗೆ ಹೇಳುತ್ತಿದ್ದೆ.

ತಿರುಗಿ ಬಂದು ಲೆಕ್ಕ ಒಪ್ಪಿಸಬೇಕು.
ಗಂಜಿಗೆ ಅಕ್ಕಿ ಹಾಕುವ ಅಮ್ಮನಿಗೆ
ಎಷ್ಟು ಜನ ಎಂದರೆ ಸಾಕು.
ಅಪ್ಪನಿಗೆ ಸಾಲದು. ಯಾರು ಯಾರು?
"ಇಬ್ಬರು" ಅಂದರೆ ಹತ್ತು ಬೇರೆ ಬೇರೆ ದೋಣಿ:
ಇನಾಸ, ಗಣಬಾ ಹೋದರೆ ಬುಟ್ಟಿ ತುಂಬ ಬಂಗಡೆ,
ಖೇಮು, ಫಕೀರಾ ಹೋದರೆ ಬಾಯಿ ತುಂಬ ಮಾತು.

ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಇದ್ದಿಲಲ್ಲಿ ಬರೆದೆ,
ಹಚ್ಚಿದ್ದಕ್ಕೆ ಗೆರೆ, ಹಚ್ಚದ್ದಕ್ಕೆ ಸೊನ್ನೆ.
ಖೇಮು ಒಬ್ಬನೇ ಆದರೆ ಎರಡು ಸಾಲು.
ಇನಾಸನನ್ನು ಸೇರಿಸುವುದೆಂದರೆ
ಅದೇ ಎರಡು ಸಾಲನ್ನು ಮತ್ತೆ ಬರೆಯುವುದು,
ಒಮ್ಮೆ ಇನಾಸ ಮಲಗಿದ್ದಾನೆ, ಒಮ್ಮೆ ಎದ್ದಿದ್ದಾನೆ.
ನಾಲ್ಕಾಯಿತು.
ಬುದವಂತ ಬಂದ, ಎಂಟು. ಫಕೀರಾ, ಹದಿನಾರು.
ಗಣಬಾನ ಹೊತ್ತಿಗೆ ಕಾಗದ ಮುಗಿದು ಗೋಡೆ ಹಿಡಿದೆ.
ಮೂವತ್ತೆರಡು.
ಸುಣ್ಣದ ಗೋಡೆ ಕೆಡಿಸಿದ್ದಕ್ಕೆ ಅಮ್ಮ ಬೆನ್ನಿಗೆ ಕೊಟ್ಟದ್ದು
ಯಾವ ಸಾಲಿನಲ್ಲೂ ಇಲ್ಲ.

ಗಣಬಾ, ಬುದವಂತ ಒಡಹುಟ್ಟಿದವರು, ಮಾತಿಲ್ಲ.
ಒಂದು ಬೀಸುಬಲೆ ಹರಿದಿತ್ತು,
ಹರಿದದ್ದು ಯಾರು ಎಂಬುದು ಹೊಲಿದ ಮೇಲೂ ಉಳಿದಿತ್ತು.
ಒಬ್ಬನ ಕಿಟಕಿ ಬೆಳಗಿದರೆ
ಇನ್ನೊಬ್ಬ ಹಚ್ಚಿದ್ದನ್ನೂ ಊದಿಬಿಡುತ್ತಿದ್ದ.
ಇಬ್ಬರೂ ಇರುವ ಸಾಲುಗಳನ್ನು ಹುಡುಕಿ ಉಗುಳು ಹಚ್ಚಿ ಒರೆಸಿದೆ.
ಎಂಟು.
ಆ ಬಲೆಯ ತೂತಿನಿಂದ ಎಂಟು ದೋಣಿ ತಪ್ಪಿಸಿಕೊಂಡವು.

ಮೇಲಿನ ಸಾಲು ಐದಕ್ಕೈದೂ ಸೊನ್ನೆ.
ಅಪ್ಪ ನಕ್ಕ: ಯಾರೂ ಇಲ್ಲದ್ದು ಅದೆಂಥ ದೋಣಿ, ಅಳಿಸು.
ಅಮ್ಮ ಮಡಕೆ ಬೋರಲು ಹಾಕುತ್ತ ಅಂದಳು,
"ಇರಲಿ ಬಿಡಿ. ಅವತ್ತೂ ಬೆಳಗಾಗ್ತದಲ್ಲ."

ಈಗ ಕಾರವಾರದ ಶಾಲೆ, ಎಂಟನೇ ಪಿರಿಯಡ್.
ಕಪ್ಪುಹಲಗೆಯ ಮೇಲೆ ಉಪಗಣಗಳು,
ಎರಡು ಪುಷ್ಪಾವರಣದ ನಡುವೆ ಏನೂ ಇಲ್ಲ.
ಬೈತಖೋಲದ ಸಲೋನಿ ತಾಂಡೇಲ ಎದ್ದು ನಿಂತಳು:
"ಟೀಚರ್, ಏನೂ ಇಲ್ಲದ್ದನ್ನ ಯಾಕೆ ಎಣಿಸೂದು?"
ಸೂತ್ರಕ್ಕೆ ಬೇಕು, ಅಂದೆ.
ಸುಳ್ಳಲ್ಲ. ಆದರೆ ಅಷ್ಟೇ ಅಲ್ಲ.

ಒಂದು ದಸರೆಯ ಮುಂಚಿನ ಬೆಳಗು.
ಅಪ್ಪ ಬಲೆ ಕಾಯಲು ದಂಡೆಯಲ್ಲೇ ಮಲಗಿದ್ದ.
ಖೇಮುವಿನ ಬಾಗಿಲು, ಕತ್ತಲೆ. ಇನಾಸ, ಕತ್ತಲೆ.
ಐದನೆಯದರ ಎದುರು ಎರಡು ಸಲ ಕೂಗಿದೆ,
ನಾಯಿ ಕೂಡ ಬೊಗಳಲಿಲ್ಲ.
ಮನೆಗೆ ಬಂದು, ಸೊನ್ನೆ, ಅಂದೆ ಅಮ್ಮನಿಗೆ.
ಅವಳು ಅಕ್ಕಿಯ ಡಬ್ಬಿ ಮುಚ್ಚಿದಳು.

ರಾತ್ರಿಯೇ ಸಮುದ್ರ ಏರಿ ಬಂದಿತ್ತಂತೆ.
ದೀಪ ಹಚ್ಚುವಷ್ಟು ಪುರುಸೊತ್ತಿಲ್ಲದೆ
ಐವರೂ ಓಡಿದ್ದರು ಅಪ್ಪನ ಕೂಗಿಗೆ.
ಬೆಳಕು ಹರಿದಾಗ ಕಂಡೆ,
ದೋಣಿ ಗಾಳಿಮರದ ಬುಡದಲ್ಲಿ,
ಒಂದೇ ಹಗ್ಗಕ್ಕೆ ಹಿಂದೆ ಮುಂದೆ
ಗಣಬಾ, ಬುದವಂತ, ಮೊಣಕಾಲವರೆಗೆ ಹೊಯ್ಗೆ.

ಗೋಡೆಯ ಎದುರು ಇದ್ದಿಲು ಹಿಡಿದು ನಿಂತೆ.
ದೀಪಗಳ ಪ್ರಕಾರ ಎಲ್ಲಕ್ಕಿಂತ ಮೇಲಿನ ಸಾಲು,
ದೋಣಿಯ ಪ್ರಕಾರ ಎಲ್ಲಕ್ಕಿಂತ ಕೆಳಗಿನದು,
ನಾನೇ ಒರೆಸಿದ್ದು.

ಒದ್ದೆಯಾಗಿ ಬಂದು ಜಗಲಿಯಲ್ಲಿ ಕುಳಿತರು. ಗಂಜಿ ಇಲ್ಲ.
ಅಮ್ಮ ನನ್ನನ್ನು ನೋಡಿದಳು, ಬೈಯಲಿಲ್ಲ, ಒಲೆ ಹೊತ್ತಿಸಿದಳು.
ಗಂಜಿ ಬಂತು, ಉಪ್ಪು ಸಾಲದು.
ಯಾರೂ ಏನೂ ಅನ್ನಲಿಲ್ಲ.
ಗಣಬಾ ಉಪ್ಪಿನ ಗರಟೆಯನ್ನು
ಬುದವಂತನ ಕಡೆಗೆ
ಒಂದು ಗೇಣು ಸರಿಸಿದ.